ಔಷಧಿಗೆ ತೆರಿಗೆ ಸೊನ್ನೆ ಆಯ್ತು, ಆದರೆ ಯಾವ ಲುಕೇಮಿಯಾ ಅಂತ ಹೇಳೋರು ಯಾರು?

2025ರ ಫೆಬ್ರವರಿ 1ರಂದು ಬಜೆಟ್ ಓದುತ್ತಾ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಕ್ಯಾನ್ಸರ್ ರೋಗಿಗಳಿಗಾಗಿ ಎರಡು ಘೋಷಣೆ ಮಾಡಿದರು. ಕ್ಯಾನ್ಸರ್ ಮತ್ತು ಅಪರೂಪದ ಕಾಯಿಲೆಗಳ 36 ಜೀವರಕ್ಷಕ ಔಷಧಿಗಳಿಗೆ ಕಸ್ಟಮ್ಸ್ ಸುಂಕ ಪೂರ್ತಿ ಮಾಫಿ. ಮೂರು ವರ್ಷದೊಳಗೆ ದೇಶದ ಎಲ್ಲ ಜಿಲ್ಲಾ ಆಸ್ಪತ್ರೆಗಳಲ್ಲೂ ಡೇ-ಕೇರ್ ಕ್ಯಾನ್ಸರ್ ಕೇಂದ್ರ, ಅದರಲ್ಲಿ 200 ಮೊದಲ ವರ್ಷವೇ. ಕರ್ನಾಟಕ ಸರ್ಕಾರವೂ ಅದೇ ವರ್ಷ ಜಿಲ್ಲಾ ಆಸ್ಪತ್ರೆಗಳಲ್ಲಿ ಡೇ-ಕೇರ್ ಕೀಮೋ ಕೇಂದ್ರಗಳನ್ನು ಶುರು ಮಾಡಿತು. ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಮಂಡಳಿ 33 ಜೀವರಕ್ಷಕ ಔಷಧಿಗಳ ಮೇಲಿದ್ದ ಶೇ. 12ರ ತೆರಿಗೆಯನ್ನು ಸೊನ್ನೆಗೆ ಇಳಿಸಿತು. ಪೋಸ್ಟರ್‌ಗಳು ಹರಿದಾಡಿದವು. ಒಬ್ಬರು ಐತಿಹಾಸಿಕ ಅಂದರು, ಇನ್ನೊಬ್ಬರು ಸಾಲದು ಅಂದರು. ಜಗಳವೆಲ್ಲ ಔಷಧಿಯ ಬೆಲೆ ಮತ್ತು ಕಟ್ಟಡಗಳ ಲೆಕ್ಕದ ಸುತ್ತ ನಡೆಯಿತು.

ಅದೇ ಜಿಎಸ್‌ಟಿ ಸಭೆಯಲ್ಲಿ ರೋಗಪತ್ತೆ ಕಿಟ್ ಮತ್ತು ರಿಯೇಜೆಂಟ್‌ಗಳ ತೆರಿಗೆಯೂ ಶೇ. 5ಕ್ಕೆ ಇಳಿಯಿತು. ಇದಕ್ಕೆ ಯಾರೂ ಪೋಸ್ಟರ್ ಮಾಡಿದ್ದು ನಾನು ನೋಡಲಿಲ್ಲ. ಲುಕೇಮಿಯಾದ ಮಟ್ಟಿಗಾದರೂ ಈ ಸಣ್ಣ ಸಾಲೇ ಮುಖ್ಯ ಅನ್ನೋದು ನನ್ನ ವಾದ. ಯಾಕೆ ಅಂತ ಹೇಳೋಕೆ ಸ್ವಲ್ಪ ಲ್ಯಾಬಿನೊಳಗೆ ಹೋಗಬೇಕು.

ನಮ್ಮ ಹಳೇ ಸಿನಿಮಾಗಳಲ್ಲಿ ಬ್ಲಡ್ ಕ್ಯಾನ್ಸರ್ ಅಂದರೆ ಒಂದೇ ಕಾಯಿಲೆ. ನಾಯಕಿಗೆ ಕೆಮ್ಮು, ಕರವಸ್ತ್ರದಲ್ಲಿ ರಕ್ತ, ಇಂಟರ್ವಲ್. ನಿಜದಲ್ಲಿ ಲುಕೇಮಿಯಾ ಅನ್ನೋದು ಹತ್ತಾರು ಬೇರೆಬೇರೆ ಕಾಯಿಲೆಗಳ ಮನೆತನದ ಹೆಸರು. ಲಿಂಫಾಯ್ಡ್ ವಂಶದ ಜೀವಕೋಶ ಕೆಟ್ಟರೆ ಒಂದು ಚಿಕಿತ್ಸೆ, ಮಯಲಾಯ್ಡ್ ವಂಶದ್ದು ಕೆಟ್ಟರೆ ಪೂರ್ತಿ ಬೇರೆ ಚಿಕಿತ್ಸೆ. ಒಂದಕ್ಕೆ ಬೇಕಾದ ಔಷಧಿ ಇನ್ನೊಂದಕ್ಕೆ ಕೊಟ್ಟರೆ ವಿಷವಷ್ಟೇ ಒಳಗೆ ಹೋಗುತ್ತೆ, ಉಪಯೋಗ ಆಗಲ್ಲ. ಕಷ್ಟ ಏನಂದರೆ, ಮೈಕ್ರೋಸ್ಕೋಪಿನ ಕೆಳಗೆ ಈ ಎಳೆಯ ಕೋಶಗಳು ಬಹಳ ಸಲ ಒಂದೇ ಥರ ಕಾಣುತ್ತವೆ. ಹಾಗಾಗಿ ಮುಖ ನೋಡಿ ಮಣೆ ಹಾಕೋ ಹಾಗಿಲ್ಲ. ಕೋಶದೊಳಗೆ ಯಾವ ಕಿಣ್ವ ಇದೆ, ಮೈಮೇಲೆ ಯಾವ ಪ್ರೋಟೀನ್ ಇದೆ ಅಂತ ಕೇಳಬೇಕು. ಈ ಗುರುತುಗಳನ್ನೇ ಡಾಕ್ಟರುಗಳು ಮಾರ್ಕರ್ ಅನ್ನೋದು.

ಮೊದಲು ಬಂದದ್ದು ಕಿಣ್ವಗಳು. ಮಯಲೊಪೆರಾಕ್ಸಿಡೇಸ್, ಚಿಕ್ಕದಾಗಿ ಎಂಪಿಒ, ಮಯಲಾಯ್ಡ್ ಕೋಶಗಳ ಕಣಗಳಲ್ಲಿ ಇರುತ್ತೆ. ಬ್ಯಾಕ್ಟೀರಿಯಾ ಕೊಲ್ಲೋದು ಅದರ ದಿನನಿತ್ಯದ ಕೆಲಸ. ಸ್ಲೈಡಿನ ಮೇಲೆ ಸರಿಯಾದ ರಾಸಾಯನಿಕ ಹಾಕಿದರೆ ಈ ಕಿಣ್ವ ಇರೋ ಕೋಶಕ್ಕೆ ಬಣ್ಣ ಬರುತ್ತೆ, ಇಲ್ಲದ್ದು ಬೋಳಾಗಿರುತ್ತೆ. ಫ್ರಾನ್ಸ್, ಅಮೆರಿಕ, ಬ್ರಿಟನ್ನಿನ ತಜ್ಞರು ಸೇರಿ 1976ರಲ್ಲಿ ಮಾಡಿದ ವರ್ಗೀಕರಣದ ಒಂದು ಮುಖ್ಯ ಗೆರೆ ಇದೇ: ನೂರರಲ್ಲಿ ಮೂರು ಎಳೆ ಕೋಶಗಳಿಗಾದರೂ ಈ ಬಣ್ಣ ಹತ್ತಿದರೆ ಮಯಲಾಯ್ಡ್. ಲೇಸರ್ ಬೇಡ, ಕಂಪ್ಯೂಟರ್ ಬೇಡ. ಇವತ್ತಿಗೂ ಇದು ಅಗ್ಗದ, ಒಳ್ಳೆಯ ಪರೀಕ್ಷೆ.

ಇನ್ನೊಂದು ಕಿಣ್ವದ ಕತೆ ನನಗೆ ಬಹಳ ಇಷ್ಟ. ಅದರ ಪೂರ್ತಿ ಹೆಸರು ನಾಲಿಗೆ ತಿರುಗಿಸುವಂಥದ್ದು, ಟರ್ಮಿನಲ್ ಡಿಆಕ್ಸಿನ್ಯೂಕ್ಲಿಯೋಟೈಡಿಲ್ ಟ್ರಾನ್ಸ್‌ಫರೇಸ್. ಲ್ಯಾಬಿನವರು ಟಿಡಿಟಿ ಅಂತಾರೆ. ಸಾಮಾನ್ಯವಾಗಿ ಡಿಎನ್ಎ ಬರೆಯೋ ಕಿಣ್ವಗಳು ಮುಂದೆ ಒಂದು ಮೂಲಪ್ರತಿ ಇಟ್ಟುಕೊಂಡು ನಕಲು ಮಾಡುತ್ತವೆ. ಟಿಡಿಟಿ ಮಾತ್ರ ಮೂಲಪ್ರತಿ ಇಲ್ಲದೆ ತನಗೆ ತೋಚಿದ ಅಕ್ಷರ ಅಂಟಿಸುತ್ತೆ. ಎಳೆಯ ಲಿಂಫಾಯ್ಡ್ ಕೋಶಗಳಿಗೆ ಈ ತಿಕ್ಕಲುತನ ಬೇಕು. ಮುಂದೆ ಯಾವ ರೋಗಾಣು ಬರುತ್ತೋ ಗೊತ್ತಿಲ್ಲದಿರುವಾಗ ಲೆಕ್ಕವಿಲ್ಲದಷ್ಟು ಬಗೆಯ ಪ್ರತಿಕಾಯ ತಯಾರಿಟ್ಟುಕೊಳ್ಳೋಕೆ ಇದೇ ದಾರಿ. ಕೋಶ ಬೆಳೆದ ಮೇಲೆ ಟಿಡಿಟಿ ಮಾಯ. ಹಾಗಾದರೆ ರಕ್ತದ ತುಂಬ ಟಿಡಿಟಿ ಇರೋ ಕೋಶಗಳು ಓಡಾಡುತ್ತಿದ್ದರೆ? ಬೆಳೆಯಬೇಕಾದ ಮಕ್ಕಳು ಬೆಳೆಯದೆ ಬೀದಿಗೆ ಬಂದಿವೆ ಅಂತ ಅರ್ಥ. 1973ರಲ್ಲಿ ಡೇವಿಡ್ ಬಾಲ್ಟಿಮೋರ್ ಮತ್ತು ಸಂಗಡಿಗರು ಲುಕೇಮಿಯಾ ಬಂದ ಒಂದು ಮಗುವಿನ ಕೋಶಗಳಲ್ಲಿ ಈ ಕಿಣ್ವ ಕಂಡದ್ದನ್ನು ವರದಿ ಮಾಡಿದರು. ಅಕ್ಯೂಟ್ ಲಿಂಫೊಬ್ಲಾಸ್ಟಿಕ್ ಲುಕೇಮಿಯಾ, ಅಂದರೆ ಎಎಲ್ಎಲ್, ಮಕ್ಕಳಲ್ಲಿ ಅತಿ ಹೆಚ್ಚು ಕಾಣುವ ಕ್ಯಾನ್ಸರ್. ಅದನ್ನು ಗುರುತಿಸೋಕೆ ಲ್ಯಾಬುಗಳು ಇವತ್ತಿಗೂ ಟಿಡಿಟಿ ನೋಡುತ್ತವೆ.

ಆಮೇಲೆ ಬಂದದ್ದು ಪ್ರೋಟೀನುಗಳ ಕಾಲ. 1975ರಲ್ಲಿ ಕೇಂಬ್ರಿಡ್ಜ್‌ನಲ್ಲಿ ಕೋಲರ್ ಮತ್ತು ಮಿಲ್‌ಸ್ಟೈನ್ ಒಂದೇ ಗುರಿಗೆ ಮಾತ್ರ ಅಂಟಿಕೊಳ್ಳುವ ಪ್ರತಿಕಾಯಗಳನ್ನು ಬೇಕಾದಷ್ಟು ತಯಾರಿಸುವ ವಿಧಾನ ಕಂಡುಹಿಡಿದರು. ಅದಕ್ಕೆ ಪೇಟೆಂಟ್ ಆಗಲಿಲ್ಲ ಅನ್ನೋದು ನೆನಪಿರಲಿ. ಆಗಿದ್ದರೆ ಮುಂದಿನ ಕತೆಯೇ ಬೇರೆ ಇರುತ್ತಿತ್ತು. ಬಿಳಿ ರಕ್ತಕಣಗಳ ಮೈಮೇಲಿನ ಪ್ರೋಟೀನುಗಳನ್ನು ಒಂದೊಂದಾಗಿ ಗುರುತಿಸೋಕೆ ಶುರುವಾಯಿತು, ಹೆಸರು ಗೊಂದಲ ತಪ್ಪಿಸೋಕೆ 1982ರಿಂದ ಸಿಡಿ ನಂಬರ್ ಬಂತು. ಸಿಡಿ19 ಇದ್ದರೆ ಬಿ ಕೋಶದ ವಂಶ, ಸಿಡಿ3 ಇದ್ದರೆ ಟಿ ಕೋಶದ್ದು, ಸಿಡಿ13 ಮತ್ತು ಸಿಡಿ33 ಮಯಲಾಯ್ಡ್ ಕಡೆ ಬೆರಳು ತೋರಿಸುತ್ತವೆ. ಮಕ್ಕಳ ಲುಕೇಮಿಯಾದಲ್ಲಿ ಪ್ರಸಿದ್ಧವಾದ ಸಿಡಿ10 ಮತ್ತು ಈಗ ಹೇಳಿದ ಸಿಡಿ13 ಎರಡೂ ಮೂಲತಃ ಕಿಣ್ವಗಳೇ ಅನ್ನೋದು ಆಮೇಲೆ ಗೊತ್ತಾಯಿತು.

ಇವನ್ನೆಲ್ಲ ಓದೋ ಯಂತ್ರ ಫ್ಲೋ ಸೈಟೋಮೀಟರ್. ಎಲೆಕ್ಟ್ರಾನಿಕ್ಸ್ ಓದಿದವನಾಗಿ ಹೇಳ್ತೀನಿ, ಅದರ ತತ್ವದಲ್ಲಿ ಹೆದರೋ ಅಂಥದ್ದು ಏನಿಲ್ಲ. ಟೋಲ್ ಗೇಟಿನಲ್ಲಿ ಗಾಡಿಗಳು ಒಂದರ ಹಿಂದೆ ಒಂದು ಹೋಗುವಾಗ ಫಾಸ್ಟ್ಯಾಗ್ ಓದೋ ಹಾಗೆ. ಇಲ್ಲಿ ಗಾಡಿ ಅಂದರೆ ಜೀವಕೋಶ, ಟ್ಯಾಗ್ ಅಂದರೆ ಹೊಳೆಯುವ ಬಣ್ಣ ಕಟ್ಟಿದ ಪ್ರತಿಕಾಯ, ಸ್ಕ್ಯಾನರ್ ಅಂದರೆ ಲೇಸರ್. ಕೆಲವೇ ನಿಮಿಷಗಳಲ್ಲಿ ಸಾವಿರಾರು ಕೋಶಗಳು ದಾಟುತ್ತವೆ, ಪ್ರತಿಯೊಂದರ ಮೇಲೆ ಯಾವ ಟ್ಯಾಗ್ ಇತ್ತು ಅಂತ ದಾಖಲಾಗುತ್ತೆ. ಕಷ್ಟ ಇರೋದು ಎರಡು ಕಡೆ. ಪ್ರತಿಕಾಯದ ಬಾಟಲಿಗಳು ದುಬಾರಿ, ಅವಧಿ ಮುಗಿದರೆ ಚೆಲ್ಲಬೇಕು. ಪರದೆಯ ಮೇಲೆ ಬೀಳೋ ಚುಕ್ಕೆಗಳ ಗುಂಪನ್ನು ಸರಿಯಾಗಿ ಓದೋಕೆ ತರಬೇತಾದ ಪೆಥಾಲಜಿಸ್ಟ್ ಬೇಕು.

ಈ ಗುರುತಿನ ಮೇಲೆ ಎಷ್ಟು ನಿಂತಿದೆ ಅನ್ನೋಕೆ ಒಂದು ಉದಾಹರಣೆ. ಮಯಲಾಯ್ಡ್ ಲುಕೇಮಿಯಾದಲ್ಲಿ ಎಪಿಎಲ್ ಅನ್ನೋ ಒಂದು ಬಗೆ ಇದೆ. ಮೊದಲ ಕೆಲವು ದಿನಗಳಲ್ಲೇ ಮೆದುಳಿನಲ್ಲಿ ರಕ್ತಸ್ರಾವ ಆಗಿ ಜನ ಸಾಯ್ತಾರೆ. ಒಂದು ಕಾಲಕ್ಕೆ ಲುಕೇಮಿಯಾಗಳಲ್ಲೇ ಅತಿ ಭಯಂಕರ ಅಂತ ಇದಕ್ಕೆ ಹೆಸರಿತ್ತು. ಇದರ ಮೂಲ ಎರಡು ಜೀನ್ ಬೆಸೆದು ಹುಟ್ಟುವ ಪಿಎಂಎಲ್-ರಾರಾ ಅನ್ನೋ ಒಂದು ವಕ್ರ ಪ್ರೋಟೀನ್. ಚೀನಾದ ಶಾಂಘೈ ಮತ್ತು ಹಾರ್ಬಿನ್‌ನ ಡಾಕ್ಟರುಗಳು ತೋರಿಸಿಕೊಟ್ಟ ದಾರಿಯಿಂದ ಇವತ್ತು ವಿಟಮಿನ್ ಎ ಸಂಬಂಧದ ಒಂದು ಮಾತ್ರೆ ಮತ್ತು ಆರ್ಸೆನಿಕ್, ಅಂದರೆ ನಮ್ಮ ಪಾಷಾಣವೇ, ಇವೆರಡರಿಂದ ಹೆಚ್ಚು ಅಪಾಯದ ಗುಂಪಿಗೆ ಸೇರದ ರೋಗಿಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಜನ ಗುಣ ಆಗ್ತಾರೆ. ಸಾಂಪ್ರದಾಯಿಕ ಕೀಮೋ ಕೂಡ ಬೇಕಾಗಲ್ಲ. ಆದರೆ ಎಪಿಎಲ್ ಇರಬಹುದು ಅಂತ ಮೊದಲ ದಿನವೇ ಯಾರಾದರೂ ಅನುಮಾನ ಪಡಬೇಕು. ಎಂಪಿಒ ಗಾಢವಾಗಿದೆ, ಸಿಡಿ34 ಇಲ್ಲ, ಎಚ್ಎಲ್ಎ-ಡಿಆರ್ ಇಲ್ಲ. ಇಷ್ಟು ನೋಡಿದ ತರಬೇತಾದ ಕಣ್ಣು ಫೋನ್ ಎತ್ತುತ್ತೆ, ಖಚಿತ ರಿಪೋರ್ಟಿಗೆ ಕಾಯದೆ ಮಾತ್ರೆ ಶುರುವಾಗುತ್ತೆ. ಅಂಥ ಕಣ್ಣು ಇನ್ನೂರು ಕಿಲೋಮೀಟರ್ ದೂರ ಇದ್ದರೆ ಔಷಧಿಗೆ ತೆರಿಗೆ ಸೊನ್ನೆ ಇದ್ದರೂ ಅಷ್ಟೇ, ನೂರಿದ್ದರೂ ಅಷ್ಟೇ.

ಈಗ ದುಡ್ಡಿನ ವಿಷಯಕ್ಕೆ ಬರೋಣ. ಆಯುಷ್ಮಾನ್ ಭಾರತ್ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಕೊಡುತ್ತೆ. ಈ ಯೋಜನೆಯ ಬೆನ್ನೆಲುಬು ದಾಖಲಾತಿ. ದಾಖಲಾಗುವ ಮೊದಲಿನ ಖರ್ಚು 3 ದಿನದ್ದು, ಬಿಡುಗಡೆ ನಂತರದ್ದು 15 ದಿನದ್ದು. ಕ್ಯಾನ್ಸರ್ ಪ್ಯಾಕೇಜ್‌ಗೆ ಅನುಮತಿ ಸಿಗಬೇಕಾದರೆ ರೋಗ ಇಂಥದ್ದೇ ಅಂತ ಹೇಳೋ ರಿಪೋರ್ಟ್ ಲಗತ್ತಿಸಬೇಕು. ಹಾಗಾದರೆ ಆ ರಿಪೋರ್ಟ್ ಎಲ್ಲಿಂದ ಬರಬೇಕು? ಲುಕೇಮಿಯಾ ರೋಗಿ ಜ್ವರ, ಸುಸ್ತು, ಒಸಡಿನಲ್ಲಿ ರಕ್ತ ಅಂತ ತಾಲೂಕು ಕೇಂದ್ರದಲ್ಲಿ ಸುತ್ತಾಡೋ ವಾರಗಳು ಆ 3 ದಿನದೊಳಗೆ ಕೂರುತ್ತವಾ? ಚಿಕಿತ್ಸೆಯ ಬಾಗಿಲಿನ ಕೀಲಿಕೈಯನ್ನು ರೋಗಿಯೇ ಕೊಂಡು ತರಬೇಕು ಅನ್ನೋ ಹಾಗಿದೆ ಈ ವಿನ್ಯಾಸ.

ಕಳೆದ ವರ್ಷ ಒಂದು ದೊಡ್ಡ ಆಸ್ಪತ್ರೆಯ ಕಾರಿಡಾರಿನಲ್ಲಿ ಉತ್ತರ ಕರ್ನಾಟಕದ ಒಬ್ಬ ರೈತರ ಪಕ್ಕ ಕೂತಿದ್ದೆ. ಮಗನಿಗೆ ಹದಿನಾಲ್ಕು. ಪ್ಲಾಸ್ಟಿಕ್ ಕವರಿನಲ್ಲಿ ಮೂರು ಲ್ಯಾಬಿನ ರಿಪೋರ್ಟು. ಮೊದಲನೆಯದು ಲುಕೇಮಿಯಾ ಇರಬಹುದು ಅಂತ ಹೇಳಿ ಕೈತೊಳೆದುಕೊಂಡಿತ್ತು. ಎರಡನೆಯದರಲ್ಲಿ ಪ್ರತಿಕಾಯಗಳ ಪಟ್ಟಿ ಅರ್ಧಂಬರ್ಧ. ಮೂರನೆಯದು ಖಾಸಗಿ, ಪೂರ್ತಿ ಇತ್ತು, ಅದಕ್ಕೆ ಹಲವು ಸಾವಿರ ಆಗಿತ್ತು. 'ಸರ, ಕಾರ್ಡ್ ಐತಿ. ಆದ್ರ ಕಾರ್ಡ್ ಹಚ್ಚಾಕ ಈ ಕಾಗದ ಬೇಕಂತ. ಈ ಕಾಗದಕ್ಕ ಕಾರ್ಡ್ ನಡ್ಯಂಗಿಲ್ಲಂತ' ಅಂದರು. ನೂರು ಪುಟದ ನೀತಿ ವರದಿಗಿಂತ ಸ್ಪಷ್ಟವಾಗಿ ಅವರು ಅದನ್ನು ಹೇಳಿದರು.

ಪೇಟೆಂಟ್ ಹೋರಾಟದ ಕತೆ ನಿಮ್ಮಲ್ಲಿ ಹಲವರಿಗೆ ಗೊತ್ತಿರುತ್ತೆ. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ನೊವಾರ್ಟಿಸ್ ಕಂಪನಿಯ ಗ್ಲೀವೆಕ್ ಪೇಟೆಂಟ್ ಅರ್ಜಿಯನ್ನು ತಳ್ಳಿಹಾಕಿತು. ತಿಂಗಳಿಗೆ ಸುಮಾರು 1.2 ಲಕ್ಷ ರೂಪಾಯಿಯ ಮಾತ್ರೆ, ಭಾರತೀಯ ಜೆನೆರಿಕ್‌ನಲ್ಲಿ ಸುಮಾರು 8,000. ಆಗ ನಾನು ಎಂಜಿನಿಯರಿಂಗ್ ಓದುತ್ತಿದ್ದೆ, ಹಾಸ್ಟೆಲಿನಲ್ಲಿ ಪೇಟೆಂಟ್ ಕಾಯ್ದೆಯ 3(ಡಿ) ಕಲಂ ಬಗ್ಗೆ ರಾತ್ರಿಯೆಲ್ಲಾ ವಾದ ಮಾಡಿದ್ದೆವು. ಅದು ನಿಜಕ್ಕೂ ದೊಡ್ಡ ಗೆಲುವು. ಆದರೆ ಆ ಮಾತ್ರೆ, ಇಮಾಟಿನಿಬ್, ಲುಕೇಮಿಯಾದಲ್ಲಿ ಕೆಲಸ ಮಾಡೋದು ಬಿಸಿಆರ್-ಎಬಿಎಲ್ ಅನ್ನೋ ಕಿಣ್ವವನ್ನು ತಡೆದು. ಕ್ರಾನಿಕ್ ಮಯಲಾಯ್ಡ್ ಲುಕೇಮಿಯಾದಲ್ಲಿ ಆ ಕಿಣ್ವದ ಗುರುತು ಇದೆಯಾ ಅಂತ ಮೊದಲು ನೋಡಬೇಕು, ಆಮೇಲೂ ಮೂರು ತಿಂಗಳಿಗೊಮ್ಮೆ ಅಳೆಯುತ್ತಾ ಹೋಗಬೇಕು. ಮೇಲಕ್ಕೆ ಏರಿದರೆ ಮಾತ್ರೆ ಸರಿಯಾಗಿ ತಗೋತಿಲ್ಲ, ಇಲ್ಲವೇ ಕಿಣ್ವವೇ ರೂಪ ಬದಲಿಸಿದೆ, ಔಷಧಿ ಬದಲಿಸಬೇಕು. ವಯಸ್ಕರ ಎಎಲ್ಎಲ್‌ನಲ್ಲೂ ಸುಮಾರು ನಾಲ್ಕರಲ್ಲಿ ಒಬ್ಬರಲ್ಲಿ ಇದೇ ಗುರುತು ಇರುತ್ತೆ. ನೋಡದಿದ್ದರೆ ಅವರಿಗೆ ಆ ಅಗ್ಗದ ಮಾತ್ರೆ ಸೇರೋದೇ ಇಲ್ಲ. ಮಾತ್ರೆಗಾಗಿ ಬೀದಿಗಿಳಿದ ನಾವು ಪರೀಕ್ಷೆಗಾಗಿ ಒಂದು ಹ್ಯಾಶ್‌ಟ್ಯಾಗ್ ಕೂಡ ಮಾಡಲಿಲ್ಲ.

'ಇಂಥ ಹೈಟೆಕ್ ಪರೀಕ್ಷೆ ಜಿಲ್ಲೆಗಳಿಗೆ ಎಲ್ಲಿ ಸಾಧ್ಯ ಮಾರಾಯ್ರೆ' ಅಂತ ಕೇಳೋರಿಗೆ ಎರಡು ವಿಷಯ ನೆನಪಿಸಬೇಕು.

2004ರ ಏಪ್ರಿಲ್‌ನಲ್ಲಿ ಭಾರತ ಎಚ್ಐವಿಗೆ ಉಚಿತ ಎಆರ್‌ಟಿ ಶುರು ಮಾಡಿತು. ಯಾರಿಗೆ ಯಾವಾಗ ಔಷಧಿ ಕೊಡಬೇಕು ಅನ್ನೋಕೆ ಸಿಡಿ4 ಎಣಿಸಬೇಕಿತ್ತು. ಹೌದು, ಅದೇ ಸಿಡಿ ನಂಬರುಗಳ ಸಾಲಿನ ಸಿಡಿ4, ಅದೇ ಲೇಸರ್ ತತ್ವದ ಯಂತ್ರ. ಸರ್ಕಾರ ಅದನ್ನು ರಾಜಧಾನಿಗಳಾಚೆಗೂ ಒಯ್ದಿತು, ಯಂತ್ರ ಇಲ್ಲದ ಕಡೆಯಿಂದ ರಕ್ತದ ಸ್ಯಾಂಪಲ್ ಸಾಗಿಸೋ ವ್ಯವಸ್ಥೆ ಮಾಡಿತು, ರೋಗಿಯಿಂದ ಒಂದು ರೂಪಾಯಿ ಕೇಳಲಿಲ್ಲ. ಪರೀಕ್ಷೆ ಚಿಕಿತ್ಸೆಯ ಭಾಗ ಅಂತ ಒಪ್ಪಿಕೊಂಡಿದ್ದರಿಂದ ಇದು ಆಯಿತು, ಒಪ್ಪಿಕೊಂಡದ್ದರ ಹಿಂದೆ ಎಚ್ಐವಿ ಜೊತೆ ಬದುಕುತ್ತಿದ್ದವರ ಸಂಘಟಿತ ಒತ್ತಾಯವೂ ಇತ್ತು. ಸಿಡಿ4 ಎಣಿಸೋ ಸಣ್ಣ ಯಂತ್ರ ಲುಕೇಮಿಯಾಕ್ಕೆ ಸಾಲಲ್ಲ ನಿಜ. ಅದು ಓದೋ ಬಣ್ಣಗಳು ಕಡಿಮೆ. ನಾನು ಹೇಳ್ತಿರೋದು ವ್ಯವಸ್ಥೆಯ ಬಗ್ಗೆ.

ಎರಡನೆಯದು ಇನ್ನೂ ಹತ್ತಿರದ್ದು. ಕ್ಷಯ ಪತ್ತೆಗೆ ಜಿಲ್ಲೆಗಳಲ್ಲಿ ಇರೋ ಸಿಬಿನ್ಯಾಟ್ ಯಂತ್ರ ಗೊತ್ತಲ್ವಾ? ಕಾರ್ಟ್ರಿಜ್ ತೂರಿಸಿದರೆ ಎರಡು ಗಂಟೆಯೊಳಗೆ ಫಲಿತಾಂಶ ಕೊಡೋದು. ಅದೇ ಯಂತ್ರಕ್ಕೆ ಬಿಸಿಆರ್-ಎಬಿಎಲ್ ಅಳೆಯೋ ಕಾರ್ಟ್ರಿಜ್ ಕೂಡ ಇದೆ, ಬೇರೆ ಬಡ ದೇಶಗಳಲ್ಲಿ ಬಳಸುತ್ತಿದ್ದಾರೆ. ಯಂತ್ರ ನಮ್ಮದೇ ಜಿಲ್ಲೆಯಲ್ಲಿದೆ, ಕಾರ್ಟ್ರಿಜ್ ಇಲ್ಲ. ಕಾರ್ಟ್ರಿಜ್ ದುಬಾರಿ, ಒಪ್ಪುತ್ತೇನೆ. ಆದರೆ ಕ್ಷಯದ ಕಾರ್ಟ್ರಿಜ್ ಬೆಲೆಯೂ ಅಂತರರಾಷ್ಟ್ರೀಯ ಅಭಿಯಾನದ ನಂತರ 2023ರಲ್ಲಿ ಇಳಿಯಿತು. ಬೆಲೆ ಆಕಾಶದಿಂದ ಬಿದ್ದದ್ದಲ್ಲ.

ಪ್ರತಿ ಜಿಲ್ಲೆಗೂ ಒಂದೊಂದು ಫ್ಲೋ ಸೈಟೋಮೀಟರ್ ಕೊಡಿ ಅಂತ ನಾನು ಕೇಳ್ತಿಲ್ಲ. ಲುಕೇಮಿಯಾ ಕ್ಷಯದಷ್ಟು ಸಾಮಾನ್ಯ ಅಲ್ಲ. ಹಾಗೆ ಕೊಟ್ಟರೆ ಯಂತ್ರ ಪ್ಲಾಸ್ಟಿಕ್ ಹೊದ್ದು ಕೂರುತ್ತೆ, ಪ್ರತಿಕಾಯಗಳು ಫ್ರಿಡ್ಜಿನಲ್ಲಿ ಅವಧಿ ಮೀರುತ್ತವೆ. ಒಂದೆರಡು ದಿನದೊಳಗೆ ತಲುಪಿದರೆ ಸ್ಯಾಂಪಲ್ ಕೆಡಲ್ಲ. ಬೀದರಿನಲ್ಲಿ ರಾತ್ರಿ ಬಸ್ ಹತ್ತಿದ ಟ್ಯೂಬು ಬೆಳಗ್ಗೆ ಬೆಂಗಳೂರಿನಲ್ಲಿ ಇರಬಹುದು. ಕೆಎಸ್ಆರ್‌ಟಿಸಿ 2021ರಲ್ಲೇ ನಮ್ಮ ಕಾರ್ಗೋ ಅಂತ ಪಾರ್ಸಲ್ ಸೇವೆ ಶುರು ಮಾಡಿದೆ. ಜಿಲ್ಲೆಯಲ್ಲಿ ಸ್ಲೈಡ್ ನೋಡಿ ಎಂಪಿಒ ಬಣ್ಣ ಹಾಕೋಕೆ ಒಬ್ಬ ಪೆಥಾಲಜಿಸ್ಟ್ ಮತ್ತು ಟೆಕ್ನಿಷಿಯನ್, ವಿಭಾಗಕ್ಕೊಂದು ಪೂರ್ಣ ಮಾರ್ಕರ್ ಲ್ಯಾಬ್, ರಿಪೋರ್ಟ್ ಬರೋವರೆಗಿನ ಖರ್ಚು ಪ್ಯಾಕೇಜ್ ಒಳಗೆ. ಟಾಟಾ ಮೆಮೋರಿಯಲ್ ನಡೆಸುವ ನ್ಯಾಷನಲ್ ಕ್ಯಾನ್ಸರ್ ಗ್ರಿಡ್ ಹಲವು ಆಸ್ಪತ್ರೆಗಳ ಪರವಾಗಿ ಒಟ್ಟಾಗಿ ಚೌಕಾಸಿ ಮಾಡಿ ಔಷಧಿ ಬೆಲೆಯನ್ನು ಭಾರೀ ಇಳಿಸಿ ತೋರಿಸಿದೆ. ಪ್ರತಿಕಾಯದ ಬಾಟಲಿಗಳಿಗೂ ಆ ಚೌಕಾಸಿ ಹೊಂದುತ್ತೆ. ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಪರೀಕ್ಷೆಗಳ ಪಟ್ಟಿಗೆ 2019ರಲ್ಲೇ ಲುಕೇಮಿಯಾ ಪರೀಕ್ಷೆಗಳು ಸೇರಿವೆ, ಹಾಗಾಗಿ ಇದು ಐಷಾರಾಮದ ಬೇಡಿಕೆಯೇನೂ ಅಲ್ಲ.

ಇನ್ನು ಕಿಣ್ವವೇ ಔಷಧಿ ಆಗಿರೋ ಒಂದು ಪ್ರಸಂಗ ಇದೆ, ನನಗೆ ನಿದ್ದೆ ಕೆಡಿಸಿದ್ದು ಅದೇ. 1953ರಲ್ಲಿ ಅಮೆರಿಕದ ಜಾನ್ ಕಿಡ್ ಗಿನಿಪಿಗ್‌ನ ರಕ್ತದ್ರವ ಚುಚ್ಚಿದಾಗ ಇಲಿಗಳ ಲಿಂಫೋಮಾ ಗೆಡ್ಡೆ ಕರಗಿದ್ದನ್ನು ವರದಿ ಮಾಡಿದರು. ಅದರಲ್ಲಿದ್ದ ಕಿಣ್ವ ಆಸ್ಪರಾಜಿನೇಸ್ ಅಂತ ಆಮೇಲೆ ತಿಳಿಯಿತು. ಅದು ರಕ್ತದಲ್ಲಿನ ಆಸ್ಪರಾಜಿನ್ ಅನ್ನೋ ಅಮೈನೋ ಆಮ್ಲವನ್ನು ಒಡೆದುಹಾಕುತ್ತೆ. ನಮ್ಮ ಆರೋಗ್ಯವಂತ ಕೋಶಗಳು ಅದನ್ನು ಸ್ವಂತ ತಯಾರಿಸಿಕೊಳ್ಳುತ್ತವೆ, ಎಎಲ್ಎಲ್ ಕೋಶಗಳಿಗೆ ಆ ಶಕ್ತಿ ಸಾಲದು, ಉಪವಾಸ ಬಿದ್ದು ಸಾಯುತ್ತವೆ. ಶ್ರೀಮಂತ ದೇಶಗಳಲ್ಲಿ ಎಎಲ್ಎಲ್ ಬಂದ ನೂರು ಮಕ್ಕಳಲ್ಲಿ ಸುಮಾರು ತೊಂಬತ್ತು ಮಕ್ಕಳು ಬದುಕೋದರಲ್ಲಿ ಈ ಕಿಣ್ವದ ಪಾಲು ದೊಡ್ಡದು.

ಕೋಲ್ಕತ್ತಾದ ಟಾಟಾ ಮೆಡಿಕಲ್ ಸೆಂಟರ್ ತಂಡ 2021ರಲ್ಲಿ ಪ್ರಕಟಿಸಿದ ಅಧ್ಯಯನ, ಭಾರತದ ಮಾರುಕಟ್ಟೆಯಲ್ಲಿರೋ ಆಸ್ಪರಾಜಿನೇಸ್ ಜೆನೆರಿಕ್‌ಗಳ ಗುಣಮಟ್ಟ ತೃಪ್ತಿಕರವಾಗಿಲ್ಲ ಅಂತ ಹೇಳಿತು. 2023ರಲ್ಲಿ ಬ್ರಿಟನ್ನಿನ ಬ್ಯೂರೋ ಆಫ್ ಇನ್ವೆಸ್ಟಿಗೇಟಿವ್ ಜರ್ನಲಿಸಂ ಮತ್ತು ಅಮೆರಿಕದ ಸ್ಟ್ಯಾಟ್ ಸೇರಿ ಮಾಡಿದ ತನಿಖೆ, ಕಳಪೆ ಬ್ರ್ಯಾಂಡುಗಳು ಹತ್ತಾರು ದೇಶಗಳಿಗೆ ಹೋಗಿರೋದನ್ನು ಬಯಲು ಮಾಡಿತು. ಇದನ್ನು ಪತ್ತೆ ಮಾಡೋಕೆ ರಾಕೆಟ್ ವಿಜ್ಞಾನ ಬೇಡ. ಚುಚ್ಚಿದ ಕೆಲವು ದಿನಗಳ ಮೇಲೆ ಮಗುವಿನ ರಕ್ತ ತೆಗೆದು ಕಿಣ್ವದ ಚಟುವಟಿಕೆ ಅಳೆದರೆ ಸಾಕು, ಮಿಲಿಲೀಟರಿಗೆ 0.1 ಯೂನಿಟ್ ಗೆರೆಗಿಂತ ಮೇಲಿರಬೇಕು. ಅಳೆಯದಿದ್ದರೆ ಏನಾಗುತ್ತೆ? ಮಗುವಿನ ಕಾಯಿಲೆ ಮರಳುತ್ತೆ, ಕೇಸ್ ಶೀಟಿನಲ್ಲಿ 'ಚಿಕಿತ್ಸೆಗೆ ಸ್ಪಂದಿಸಲಿಲ್ಲ' ಅಂತ ಬರೀತಾರೆ. ಸ್ಪಂದಿಸದೇ ಇದ್ದದ್ದು ಮಗುವಾ, ಬಾಟಲಿಯಾ? ಆ ಪ್ರಶ್ನೆ ಕೇಳೋಕೆ ಬೇಕಾದ ಸಂಖ್ಯೆಯೇ ಯಾರ ಬಳಿಯೂ ಇರಲ್ಲ. ಬಳ್ಳಾರಿಯಲ್ಲಿ 2024ರ ನವೆಂಬರ್‌ನಲ್ಲಿ ಬಾಣಂತಿಯರು ಸತ್ತಾಗ ಡ್ರಿಪ್ ದ್ರಾವಣದ ಗುಣಮಟ್ಟದ ಪ್ರಶ್ನೆ ಎದ್ದದ್ದು ಸಾವುಗಳು ಒಂದೇ ಕಡೆ, ಒಟ್ಟಿಗೆ ಆದದ್ದರಿಂದ. ಕೆಲಸ ಮಾಡದ ಕಿಣ್ವದಿಂದ ಸಾವು ಬಂದರೆ ಬರೋದು ವರ್ಷದ ಮೇಲೆ, ಬೇರೆಬೇರೆ ಊರಲ್ಲಿ.

ಪಠ್ಯಪುಸ್ತಕಗಳ ಬಗ್ಗೆಯೂ ಒಂದು ಮಾತು. ಎಎಲ್ಎಲ್ ಮಕ್ಕಳು ಎರಡು ವರ್ಷದಷ್ಟು ಕಾಲ ನುಂಗೋ ಮರ್ಕ್ಯಾಪ್ಟೊಪ್ಯೂರಿನ್ ಮಾತ್ರೆಯನ್ನು ದೇಹ ಹೇಗೆ ಅರಗಿಸುತ್ತೆ ಅನ್ನೋದನ್ನು ಕೆಲವು ಕಿಣ್ವಗಳು ತೀರ್ಮಾನಿಸುತ್ತವೆ. ಯುರೋಪಿಯನ್ನರಲ್ಲಿ ಮುಖ್ಯವಾದದ್ದು ಟಿಪಿಎಂಟಿ, ದಶಕಗಳ ಕಾಲ ಎಲ್ಲರೂ ಅದನ್ನೇ ಓದಿದರು. ಏಷ್ಯಾದವರಲ್ಲಿ ಹೆಚ್ಚು ತೊಂದರೆ ಕೊಡೋದು ನಡ್15 ಅನ್ನೋ ಬೇರೆ ಕಿಣ್ವದ ರೂಪಾಂತರ. ಅದು ಬೆಳಕಿಗೆ ಬಂದದ್ದು 2014ರ ಆಸುಪಾಸಿನಲ್ಲಿ. ಅಲ್ಲಿಯವರೆಗೆ ಮಾಮೂಲಿ ಡೋಸಿಗೇ ಬಿಳಿ ರಕ್ತಕಣ ಕುಸಿದು ಸೋಂಕು ಹತ್ತಿದ ನಮ್ಮ ಮಕ್ಕಳ ವಿಷಯದಲ್ಲಿ ಪುಸ್ತಕದಲ್ಲಿ ವಿವರಣೆ ಇರಲಿಲ್ಲ. ಯಾರ ರಕ್ತವನ್ನು ಅಧ್ಯಯನ ಮಾಡ್ತೀರೋ ಅವರ ಕಿಣ್ವ ಪುಸ್ತಕಕ್ಕೆ ಬರುತ್ತೆ.

ಕಾರ್-ಟಿ ಬಗ್ಗೆ ಕೇಳಿರ್ತೀರಿ. ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಜೊತೆ ಹುಟ್ಟಿದ ನೆಕ್ಸ್‌ಕಾರ್19ಗೆ 2023ರ ಅಕ್ಟೋಬರ್‌ನಲ್ಲಿ ಅನುಮತಿ ಸಿಕ್ಕಿತು, ಬೆಂಗಳೂರಿನ ಇಮ್ಯುನೀಲ್ ಕೂಡ 2025ರಲ್ಲಿ ಲಿಂಫೋಮಾಕ್ಕೆ ತನ್ನದನ್ನು ತಂದಿತು. ಹೆಮ್ಮೆಯ ವಿಷಯವೇ. ರೋಗಿಯ ಟಿ ಕೋಶಗಳಿಗೆ ಸಿಡಿ19 ಪ್ರೋಟೀನ್ ಬೇಟೆಯಾಡೋಕೆ ಕಲಿಸೋ ಚಿಕಿತ್ಸೆ ಇದು. ಬೆಲೆ ವಿದೇಶಕ್ಕಿಂತ ಎಷ್ಟೋ ಕಡಿಮೆ, ಆದರೂ ಲಕ್ಷಗಳಲ್ಲಿ. ಕಾಯಿಲೆ ಕೆಲವೊಮ್ಮೆ ಸಿಡಿ19 ಅನ್ನೇ ಕಳಚಿಟ್ಟು ವಾಪಸ್ ಬರುತ್ತೆ, ಅದನ್ನು ಕಾಣೋಕೂ ಅದೇ ಫ್ಲೋ ಸೈಟೋಮೀಟರ್ ಬೇಕು. ಮೊದಲ ಸುತ್ತಿನ ಚಿಕಿತ್ಸೆಯಲ್ಲೇ, ತಿಂಗಳ ಕೊನೆಗೆ, ಹತ್ತು ಸಾವಿರ ಕೋಶಗಳಲ್ಲಿ ಒಂದಾದರೂ ಕೆಟ್ಟದ್ದು ಉಳಿದಿದೆಯಾ ಅಂತ ನೋಡಿ ಕೀಮೋ ಏರಿಸುವ ಪರೀಕ್ಷೆ ಎಲ್ಲ ಮಕ್ಕಳಿಗೂ ಸಿಕ್ಕಿದ್ದರೆ, ಕಾರ್-ಟಿ ಬಾಗಿಲಿಗೆ ಬರೋರ ಸಾಲು ಚಿಕ್ಕದಾಗುತ್ತಿತ್ತು.

ನಿಮ್ಮ ಜಿಲ್ಲೆಯಲ್ಲಿ ಡೇ-ಕೇರ್ ಕೇಂದ್ರ ಬಂದಿದ್ದರೆ, ಬರುವುದಿದ್ದರೆ, ಒಂದು ಆರ್‌ಟಿಐ ಹಾಕಬಹುದು. ಹತ್ತು ರೂಪಾಯಿ ಖರ್ಚು. ಆ ಆಸ್ಪತ್ರೆಯಲ್ಲಿ ಪೆಥಾಲಜಿಸ್ಟ್ ಹುದ್ದೆ ಎಷ್ಟು, ಖಾಲಿ ಎಷ್ಟು? ಲುಕೇಮಿಯಾ ಅನುಮಾನ ಬಂದ ಸ್ಯಾಂಪಲ್ ಯಾವ ಲ್ಯಾಬಿಗೆ ಹೋಗುತ್ತೆ, ರಿಪೋರ್ಟಿಗೆ ಎಷ್ಟು ದಿನ, ದುಡ್ಡು ಯಾರು ಕೊಡ್ತಾರೆ? ಅಲ್ಲಿ ಚುಚ್ಚುವ ಆಸ್ಪರಾಜಿನೇಸ್ ಯಾವ ಬ್ರ್ಯಾಂಡ್, ಅದರ ಚಟುವಟಿಕೆ ಕೊನೆಯ ಸಲ ಅಳೆದದ್ದು ಯಾವಾಗ? ಉತ್ತರ ಬಂದರೆ ನಮಗೂ ಒಂದು ಪ್ರತಿ ಕಳಿಸಿ, ಜಿಲ್ಲಾವಾರು ಪಟ್ಟಿ ಮಾಡಿ ಇಲ್ಲೇ ಹಾಕ್ತೀವಿ.